ಅಲ್ಲಿ ನೋಡೋಕೆ ಏನಿತ್ತು?

ಜಪಾನಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಫೋಟೋ ಕೇಳುತ್ತಾರೆ. ತೋರಿಸುತ್ತೇನೆ. ಒಂದು ಮರದ ಮನೆಗಳ ಸಾಲು. ಸೂರಿನಿಂದ ಇಳಿಬಿಟ್ಟ ಕಿತ್ತಳೆ ಬಣ್ಣದ ಹಣ್ಣುಗಳು. ಒಂದು ಬಸ್ಸಿನ ವೇಳಾಪಟ್ಟಿ. ಆಮೇಲೆ ಬರುವ ಪ್ರಶ್ನೆ ಯಾವಾಗಲೂ ಒಂದೇ: "ಟೋಕಿಯೋ, ಫ್ಯೂಜಿ ಎಲ್ಲಾ ಬಿಟ್ಟು ಈ ಹಳ್ಳಿಗೆ ಹೋದ್ಯಾ? ಅಲ್ಲಿ ನೋಡೋಕೆ ಏನಿತ್ತು?"

ಚಿಕ್ಕಮ್ಮ ಇನ್ನೂ ನೇರ. "ಮರದ ಮನೆ ನೋಡೋಕೆ ಅಷ್ಟು ದುಡ್ಡು ಸುರೀಬೇಕಿತ್ತಾ? ನಮ್ಮ ತೀರ್ಥಹಳ್ಳಿ ಕಡೆ ಮನೇನೇ ಇತ್ತಲ್ಲ" ಅಂದರು. ಇತ್ತು, ನಿಜ. ಅದನ್ನು ಕೆಡವಿ ಆರ್‌ಸಿಸಿ ಕಟ್ಟಿಸಿ ಎಂಟು ವರ್ಷ ಆಯಿತು. ಅದನ್ನು ನಾನು ನೆನಪಿಸಲು ಹೋಗಲಿಲ್ಲ.

ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಒಂದು ಸಲ ಕೂತು ಪೂರ್ತಿ ಬರೆದುಬಿಡುತ್ತೇನೆ.

ಊರಿನ ಹೆಸರು ತ್ಸುಮಾಗೊ. ನಗಾನೊ ಪ್ರಾಂತ್ಯದ ಕಿಸೊ ಕಣಿವೆಯಲ್ಲಿದೆ. ಕಚೇರಿ ಕೆಲಸಕ್ಕೆ ನಗೋಯಾಕ್ಕೆ ಹೋಗಿದ್ದೆ. ನವೆಂಬರ್ ತಿಂಗಳು, ಕೈಯಲ್ಲಿ ಎರಡು ದಿನ ರಜೆ. ಹಳೇ ಕಾಲದಲ್ಲಿ ಎಡೊ, ಅಂದರೆ ಈಗಿನ ಟೋಕಿಯೋದಿಂದ ಕ್ಯೋಟೋಗೆ ಬೆಟ್ಟಗಳ ನಡುವೆ ಒಂದು ದಾರಿ ಇತ್ತು. ನಕಾಸೆಂಡೊ ಅಂತ. ಸುಮಾರು 530 ಕಿಲೋಮೀಟರ್, ಮಧ್ಯದಲ್ಲಿ ತಂಗಲು 69 ಊರುಗಳು. ತ್ಸುಮಾಗೊ ಅದರಲ್ಲಿ 42ನೆಯದು, ಪಕ್ಕದ ಮಾಗೊಮೆ 43ನೆಯದು. ಈ ಎರಡರ ನಡುವಿನ ಎಂಟು ಕಿಲೋಮೀಟರ್ ಕಾಲುದಾರಿ ಇವತ್ತಿಗೂ ನಡೆಯುವಂತಿದೆ. ನಾನು ಮಾಗೊಮೆಯಿಂದ ನಡೆದು ಬಂದೆ. ಮೂರು ಗಂಟೆ ಹಿಡಿಯಿತು.

ದಾರಿಯ ವರ್ಣನೆ ಜಾಸ್ತಿ ಮಾಡುವುದಿಲ್ಲ. ಕಾಡು, ತೊರೆ, ಬಿದಿರು, ಅಲ್ಲಲ್ಲಿ ಹೊಲ. ಒಂದು ಮಾತ್ರ ಹೇಳಬೇಕು. ದಾರಿಯುದ್ದಕ್ಕೂ ಕಂಬಕ್ಕೆ ಗಂಟೆ ಕಟ್ಟಿದ್ದಾರೆ. ಕರಡಿ ಇವೆ, ಜೋರಾಗಿ ಬಾರಿಸಿ ಅಂತ ಪಕ್ಕದಲ್ಲಿ ಬೋರ್ಡು. ದೇವಸ್ಥಾನದಲ್ಲಿ ಬಾರಿಸಿದ ಹಾಗೆ ಮೆತ್ತಗೆ ಬಾರಿಸಿದೆ. ಹಿಂದೆ ಬರುತ್ತಿದ್ದ ಒಬ್ಬರು ಅಜ್ಜ ನಕ್ಕು, ಹಗ್ಗ ಹಿಡಿದು ಕಿವಿ ಕಿತ್ತುಹೋಗುವ ಹಾಗೆ ಬಾರಿಸಿ ತೋರಿಸಿದರು. ಅರ್ಧ ದಾರಿಯಲ್ಲಿ ಒಂದು ಹಳೇ ಚಹಾ ಮನೆ ಇದೆ. ಒಳಗೆ ನೆಲದಲ್ಲೇ ಒಲೆ, ಸೌದೆ ಹೊಗೆ. ಊರಿನವರೇ ಸ್ವಯಂಸೇವಕರಾಗಿ ಕೂತು ಬಂದವರಿಗೆ ಪುಕ್ಕಟೆ ಚಹಾ ಕೊಡುತ್ತಾರೆ. ಮನಸ್ಸಾದರೆ ಡಬ್ಬಿಗೆ ಚಿಲ್ಲರೆ ಹಾಕಬಹುದು. ಹಾಕದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ಈಗ ಊರಿಗೆ ಬರೋಣ. ಒಂದೇ ಬೀದಿ. ಎರಡೂ ಕಡೆ ಕಪ್ಪಗಾದ ಮರದ ಮನೆಗಳು, ಮುಂದೆ ಜಾಲಂದ್ರ. ಕೆಲವು ಸೂರಿನ ಮೇಲೆ ಹಲಗೆ ಹಾರದಿರಲಿ ಅಂತ ಕಲ್ಲು ಹೇರಿದ್ದಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೀದಿಯಲ್ಲಿ ವಾಹನ ಓಡಿಸುವ ಹಾಗಿಲ್ಲ. ಫೋಟೋ ತೆಗೆಯುವಾಗ ಏನೋ ಕಡಿಮೆಯಿದೆ ಅನ್ನಿಸುತ್ತಿತ್ತು. ಏನು ಅಂತ ಗೊತ್ತಾಗಲು ಹತ್ತು ನಿಮಿಷ ಬೇಕಾಯಿತು. ಕರೆಂಟ್ ವೈರು! ಒಂದೂ ಇಲ್ಲ. ಎಲ್ಲವನ್ನೂ ಮನೆಗಳ ಹಿಂದಿನಿಂದ ಎಳೆದಿದ್ದಾರೆ.

"ಅಲ್ಲಿನ ಹಳ್ಳಿಗಳೆಲ್ಲ ಹಾಗೇ ಉಳಿದುಕೊಂಡಿವೆ ಅಲ್ವಾ" ಅಂತ ಒಬ್ಬ ಗೆಳೆಯ ಕೇಳಿದ. ಹಾಗೇನೂ ಉಳಿದಿಲ್ಲ. ನನ್ನ ಉತ್ತರದ ಮುಖ್ಯ ಭಾಗ ಇದೇ. ರೈಲು ಬಂದಾಗ ಹಳಿ ನದಿ ಪಕ್ಕದಲ್ಲಿ ಹೋಯಿತು, ಈ ಊರನ್ನು ಮುಟ್ಟಲಿಲ್ಲ. ನಡೆದು ಹೋಗುವವರು ನಿಂತರು, ಛತ್ರಗಳು ಮುಚ್ಚಿದವು, ಹುಡುಗರು ಪಟ್ಟಣ ಸೇರಿದರು. ಯುದ್ಧ ಮುಗಿದ ಮೇಲಂತೂ ಊರು ಖಾಲಿಯಾಗುವುದೊಂದೇ ಬಾಕಿ. 1968ರಲ್ಲಿ ರಿಪೇರಿ ಶುರುವಾಯಿತು. 1971ರಲ್ಲಿ ಊರಿನವರು ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಮನೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. 1976ರಲ್ಲಿ ಜಪಾನ್ ಸರ್ಕಾರ ಮೊದಲ ಬಾರಿಗೆ ಇಂಥ ಬೀದಿಗಳನ್ನು ಸಂರಕ್ಷಿತ ಅಂತ ಗುರುತಿಸಿದಾಗ ಆ ಪಟ್ಟಿಯಲ್ಲಿ ತ್ಸುಮಾಗೊ ಇತ್ತು.

ಆ ಮೂರು ಮಾತಿನಲ್ಲಿ ನನಗೆ ಆಶ್ಚರ್ಯ ಆಗಿದ್ದು ಎರಡನೆಯದು. ಮಾರಬೇಡಿ, ಕೆಡವಬೇಡಿ ಅಂದರೆ ಅರ್ಥ ಆಗುತ್ತದೆ. ಬಾಡಿಗೆಗೂ ಕೊಡಬೇಡಿ ಅಂದರೆ? ಹೊರಗಿನವರು ಬಂದು ಅಂಗಡಿ ಹಾಕುವುದು ಬೇಡ, ಇರುವವರೇ ಇರಬೇಕು ಅಂತ. ಪ್ರವಾಸಿಗರಿಂದ ನಾಲ್ಕು ಕಾಸು ಬರುತ್ತದೆ ಅಂತ ಗೊತ್ತಾದ ಹೊತ್ತಿನಲ್ಲಿ ಇದಕ್ಕೆ ಸಹಿ ಹಾಕುವುದು ಸುಲಭ ಅಲ್ಲ. ಎಷ್ಟು ಮನೆಯಲ್ಲಿ ಅಣ್ಣ ತಮ್ಮಂದಿರು ಜಗಳ ಆಡಿರಬಹುದು!

ಊರಲ್ಲಿ ಕಾಸು ಕೊಟ್ಟು ನೋಡುವ ಜಾಗ ಅಂದರೆ ವಾಕಿಹೊಂಜಿನ್ ಅನ್ನುವ ದೊಡ್ಡ ಮನೆ. ದೊಡ್ಡ ಅಧಿಕಾರಿಗಳ ಪರಿವಾರ ತಂಗುತ್ತಿದ್ದ ಜಾಗ. ಈಗಿನ ಕಟ್ಟಡ 1877ರದ್ದು, ಹಿನೋಕಿ ಅನ್ನುವ ಸೈಪ್ರೆಸ್ ಜಾತಿಯ ಮರದ್ದು. ಕಿಸೊ ಕಾಡು ಹಿನೋಕಿಗೇ ಹೆಸರುವಾಸಿ. ಆದರೆ ಎಡೊ ಕಾಲದಲ್ಲಿ, ಅಂದರೆ 1868ಕ್ಕೆ ಮುಂಚೆ, ಇಲ್ಲಿಯವರೇ ಅದನ್ನು ಕಡಿಯುವ ಹಾಗಿರಲಿಲ್ಲ. "ಒಂದು ಮರಕ್ಕೆ ಒಂದು ತಲೆ" ಅಂತ ಕಾನೂನನ್ನೇ ಗಾದೆಯ ಹಾಗೆ ಹೇಳುತ್ತಿದ್ದರು. ಆ ನಿಷೇಧ ಹೋದ ಮೇಲೆ ಕಟ್ಟಿದ ಮನೆ ಇದು. ಮನೆಯವರು ಹಟಕ್ಕೆ ಬಿದ್ದು ಹಿನೋಕಿ ಹಾಕಿದ್ದಾರೆ ಅಂತ ನನಗೆ ಅನ್ನಿಸಿತು.

ಒಳಗೆ ನೆಲದಲ್ಲಿ ಚೌಕದ ಒಲೆ. ಇರೋರಿ ಅಂತಾರೆ. ಅದರ ಸುತ್ತ ಕೂರುವುದಕ್ಕೂ ಲೆಕ್ಕ ಇದೆ. ಯಜಮಾನನಿಗೆ ಒಂದು ಕಡೆ, ಹೆಂಡತಿಗೆ ಒಂದು ಕಡೆ, ನೆಂಟರಿಗೆ ಇನ್ನೊಂದು ಕಡೆ. ಸೊಸೆಗೆ? ಸೌದೆ ತುರುಕುವ ಕಡೆ. ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ಮೊದಲ ಸಲ ಅವರಿಗೆ ಊರು ಇಷ್ಟವಾಯಿತು. "ಎಲ್ಲಾ ಕಡೆ ಅದೇ ಕಥೆ ಬಿಡು" ಅಂತ ನಕ್ಕರು. ಮಧ್ಯಾಹ್ನದ ಬಿಸಿಲು ಜಾಲಂದ್ರದಿಂದ ಒಳಗೆ ಬಿದ್ದು, ಒಲೆಯ ಹೊಗೆಯಲ್ಲಿ ಕೋಲು ಕೋಲಾಗಿ ಕಾಣುತ್ತಿತ್ತು. ಅದನ್ನು ಫೋಟೋ ತೆಗೆಯಲು ಆರು ಜನ ಸಾಲಲ್ಲಿ ನಿಂತಿದ್ದರು. ನಾನು ಏಳನೆಯವ.

ಮೂರು ಗಂಟೆಯವರೆಗೆ ಇಲ್ಲಿ ಸದ್ದಿಲ್ಲ ಅನ್ನುವ ಹಾಗೇ ಇಲ್ಲ. ಟೂರ್ ಬಸ್ಸು, ಬಾವುಟ ಹಿಡಿದ ಗೈಡು, ಎಲ್ಲಾ ಇದೆ. ನಾಲ್ಕಕ್ಕೆ ಅಂಗಡಿಯವರು ಒಬ್ಬೊಬ್ಬರಾಗಿ ಬಾಗಿಲು ಎಳೆಯುತ್ತಾರೆ. ಐದಕ್ಕೆ ಎಲ್ಲಿಂದಲೋ ಧ್ವನಿವರ್ಧಕದಲ್ಲಿ ಒಂದು ಸಣ್ಣ ರಾಗ ಬಂತು. ಜಪಾನಿನ ಎಷ್ಟೋ ಊರುಗಳಲ್ಲಿ ಹೀಗೆ ಸಂಜೆ ಹಾಕುತ್ತಾರೆ. ಭೂಕಂಪ, ಪ್ರವಾಹದ ಎಚ್ಚರಿಕೆ ಕೊಡುವ ಧ್ವನಿವರ್ಧಕ ಸರಿಯಾಗಿದೆಯಾ ಅಂತ ದಿನಾ ಪರೀಕ್ಷೆ ಆದ ಹಾಗೂ ಆಯಿತು, ಮಕ್ಕಳಿಗೆ ಮನೆಗೆ ಹೋಗುವ ಹೊತ್ತು ಗೊತ್ತಾದ ಹಾಗೂ ಆಯಿತು. ಆ ರಾಗ ಮುಗಿದ ಮೇಲೆ ಬೀದಿಯಲ್ಲಿ ಉಳಿದದ್ದು ಚರಂಡಿಯ ನೀರಿನ ಸದ್ದು. ಅಲ್ಲಿನ ಚರಂಡಿ ಅಂದರೆ ಬೆಟ್ಟದ ಸಿಹಿನೀರು, ತಪ್ಪು ತಿಳಿಯಬೇಡಿ.

ಹಾಗಾಗಿ ನನ್ನನ್ನು ಕೇಳುವವರಿಗೆ ಮೊದಲ ಮಾತು: ರಾತ್ರಿ ಉಳಿಯುವುದಾದರೆ ಹೋಗಿ. ಮಧ್ಯಾಹ್ನ ಬಂದು ಸಂಜೆ ವಾಪಸ್ ಅನ್ನುವುದಾದರೆ ಖಂಡಿತ ಬೇಸರ ಆಗುತ್ತದೆ.

ನಾನು ಇದ್ದದ್ದು ಮಿಂಶುಕುವಿನಲ್ಲಿ. ನಮ್ಮ ಕಡೆ ಹೋಮ್‌ಸ್ಟೇ ಇದ್ದ ಹಾಗೆ. ಊಟ ಆರಕ್ಕೆ ಅಂದರೆ ಆರಕ್ಕೆ. ಹೊರಗೆ ಹೋಟೆಲ್ ಇಲ್ಲ, ಹಸಿವಾದರೆ ಹೋಗಿ ಬ್ರೆಡ್ ತರೋಣ ಅಂದರೆ ಅಂಗಡಿಯೂ ಇಲ್ಲ. ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಬರೆದಿದ್ದೆ. ಮಾಂಸ ಇಲ್ಲ, ಮೀನಿಲ್ಲ ಅಂದರೆ ಸಾಲದು. ದಾಶಿ ಅಂತ ಒಂದಿದೆ, ಒಣಗಿಸಿದ ಮೀನಿನ ಸಾರು. ನೂಡಲ್ಸಿಗೂ ಅದೇ, ಬೇಯಿಸಿದ ತರಕಾರಿಗೂ ಅದೇ. ಅದನ್ನೂ ಬೇಡ ಅಂತ ಬಿಡಿಸಿ ಬರೆಯಬೇಕು. ಮನೆಯ ಅಜ್ಜಿ ಕಡಲ ಪಾಚಿ, ಅಣಬೆ ಹಾಕಿ ಬೇರೆ ದಾಶಿ ಮಾಡಿದ್ದರು. ಅಲ್ಲೇ ಹೋಗಿ ನಿಂತು ಹೇಳಿದ್ದರೆ ಬರೀ ಅನ್ನವೇ ಗತಿ ಆಗುತ್ತಿತ್ತು.

ಊಟದ ಜೊತೆ ಒಂದು ಬಟ್ಟಲಲ್ಲಿ ಹುಳಿ ಸೊಪ್ಪು. ಸುಂಕಿ ಅಂತ ಹೆಸರು. ಕಿಸೊ ಕಡೆ ಬೆಳೆಯುವ ಕೆಂಪು ಟರ್ನಿಪ್ ಗಡ್ಡೆಯ ಸೊಪ್ಪನ್ನು ಹುಳಿ ಬರಿಸಿ ಮಾಡುತ್ತಾರೆ. ಒಂದು ಚಿಟಿಕೆ ಉಪ್ಪೂ ಹಾಕುವುದಿಲ್ಲ. ಸಮುದ್ರ ದೂರ, ಉಪ್ಪು ದುಬಾರಿ, ಅದಕ್ಕೇ ಹೀಗೆ. ಉಪ್ಪಿಲ್ಲದ ಉಪ್ಪಿನಕಾಯಿ! ಹುಳಿ ಬರಲು ಏನು ಹಾಕುತ್ತೀರಿ ಅಂತ ಫೋನಿನ ಅನುವಾದಕದಲ್ಲಿ ಕೇಳಿದೆ. ಹಿಂದಿನ ವರ್ಷದ ಸುಂಕಿ ಸ್ವಲ್ಪ ಎತ್ತಿಟ್ಟು ಹೊಸ ಸೊಪ್ಪಿಗೆ ಸೇರಿಸುತ್ತಾರಂತೆ. ಹೆಪ್ಪು! ಹೆಪ್ಪು ಅನ್ನುವುದನ್ನು ಆ ಆ್ಯಪ್‌ಗೆ ಅರ್ಥ ಮಾಡಿಸಲು ಹೋಗಿ ಸೋತೆ. ಕೊನೆಗೆ ಹಾಲು, ಮೊಸರು, ಚಮಚ ಅಂತ ಕೈಸನ್ನೆ ಮಾಡಿದೆ. ಅಜ್ಜಿ "ಹಾಯ್, ಹಾಯ್" ಅಂತ ತಲೆಯಾಡಿಸಿದರು. ಹಾಯ್ ಅಂದರೆ ಅಲ್ಲಿ ಹೌದು ಅಂತ.

ಊಟ ಆದ ಮೇಲೆ ಅವರು ಒಂದು ಬುಟ್ಟಿ ಕಾಕಿ ಹಣ್ಣು ತಂದು ಕೂತರು. ಪರ್ಸಿಮನ್. ನೋಡಲು ದೊಡ್ಡ ಟೊಮೇಟೊ. ಈ ಜಾತಿಯದು ಹಸಿಯಾಗಿ ಕಚ್ಚಿದರೆ ಬಾಯೆಲ್ಲಾ ಒಗರು, ಗೇರುಹಣ್ಣಿನ ಹಾಗೆ. ಸಿಪ್ಪೆ ತೆಗೆದು ಒಣಗಿಸಿದರೆ ಸಿಹಿ. ಕೀಳುವಾಗಲೇ ತೊಟ್ಟಿನ ಜೊತೆ ಕಡ್ಡಿಯನ್ನು ಅಡ್ಡಕ್ಕೆ ಸ್ವಲ್ಪ ಬಿಟ್ಟು ಕತ್ತರಿಸಿರುತ್ತಾರೆ. ಆ ಅಡ್ಡಕಡ್ಡಿಗೆ ದಾರ ಸಿಕ್ಕಿಸಬೇಕು. ಅಜ್ಜಿಯ ಚಾಕು ತೊಟ್ಟಿನಿಂದ ಶುರುವಾಗಿ ಸಿಪ್ಪೆ ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಇಳಿಯುತ್ತಿತ್ತು. ನನ್ನ ಕೈಗೆ ದಾರ ಕೊಟ್ಟರು. ಎರಡು ಹಣ್ಣು ಒಂದಕ್ಕೊಂದು ತಾಗಬಾರದು, ತಾಗಿದರೆ ಬೂಸ್ಟು. ನಾನು ಕಟ್ಟಿದ ಮೊದಲ ಮಾಲೆಯನ್ನು ನೋಡಿ, ಏನೂ ಹೇಳದೆ ಪೂರ್ತಿ ಬಿಚ್ಚಿದರು. ಎರಡನೆಯದನ್ನು ಬಿಚ್ಚಲಿಲ್ಲ. ಕುದಿಯುವ ನೀರಿನಲ್ಲಿ ಒಂದು ಸಲ ಅದ್ದಿ, ಬೀದಿ ಕಡೆಯ ಸೂರಿಗೆ ತೂಗುಹಾಕಿದೆವು. ನನ್ನ ಫೋನಿನಲ್ಲಿರುವ ಕಿತ್ತಳೆ ಬಣ್ಣದ ಫೋಟೋ ಅದೇ. ಎಡಗಡೆಯಿಂದ ಮೂರನೆಯ ಮಾಲೆ ನಂದು.

ಸ್ನಾನದ ವಿಷಯ ಬೇಗ ಹೇಳಿಬಿಡುತ್ತೇನೆ. ತೊಟ್ಟಿಯ ಹೊರಗೆ ಸೋಪು ಹಾಕಿ ಪೂರ್ತಿ ತೊಳೆದುಕೊಂಡು, ಆಮೇಲೆ ಬಿಸಿನೀರಿಗೆ ಇಳಿಯಬೇಕು. ಮುಗಿದ ಮೇಲೆ ನೀರು ಬಿಡಬಾರದು, ಮುಂದಿನವರಿಗೂ ಅದೇ ನೀರು. ಶೌಚಾಲಯಕ್ಕೆ ಬೇರೆ ಚಪ್ಪಲಿ. ಅದನ್ನೇ ಹಾಕಿಕೊಂಡು ನಾನು ಊಟದ ಮನೆಗೆ ಬಂದೆ. ಯಾರೂ ಬೈಯಲಿಲ್ಲ, ಅದೇ ಇನ್ನೂ ಕಷ್ಟ ಆಗಿದ್ದು.

ಕೆಲವರಿಗೆ ಈ ಊರು ಬೇಡ ಅಂತಲೇ ಹೇಳುತ್ತೇನೆ. ಮೊದಲ ಸಲ ಜಪಾನಿಗೆ ಐದು ದಿನಕ್ಕೆ ಹೋಗುವವರು ಟೋಕಿಯೋ, ಕ್ಯೋಟೋ ನೋಡಿ, ಅದರಲ್ಲಿ ತಪ್ಪೇನಿಲ್ಲ. ಮಂಡಿ ನೋವಿರುವವರು ನಡೆಯುವ ದಾರಿ ಬಿಟ್ಟು ಬಸ್ಸಲ್ಲಿ ಬನ್ನಿ. ನಗದು ಇಟ್ಟುಕೊಳ್ಳಿ, ಕಾರ್ಡು ನಂಬಬೇಡಿ. ಜಾಲಂದ್ರದಿಂದ ಇಣುಕಿ ಫೋಟೋ ತೆಗೆಯಬೇಡಿ, ಒಳಗೆ ಜನ ಟಿವಿ ನೋಡುತ್ತಾ ಕೂತಿರುತ್ತಾರೆ.

ಬಸ್ಸಿನ ವೇಳಾಪಟ್ಟಿಯ ಫೋಟೋ ಯಾಕೆ ಅಂತಲೂ ಕೇಳುತ್ತಾರೆ. ನಾಗಿಸೊ ರೈಲು ನಿಲ್ದಾಣಕ್ಕೆ ದಿನಕ್ಕೆ ಕೆಲವೇ ಬಸ್ಸು. ಬೆಳಿಗ್ಗೆ ಆ ಪಟ್ಟಿಯನ್ನು ಓದಿ, ಫೋಟೋ ತೆಗೆದು, ಬುದ್ಧಿವಂತನ ಹಾಗೆ ಬಸ್ಸಿಗೆ ಕಾದೆ. ಬರಲಿಲ್ಲ. ನಾನು ಓದಿದ್ದು ಭಾನುವಾರದ ಸಾಲು, ಅವತ್ತು ಸೋಮವಾರ. ಬಸ್ಸು ಹೋಗಿ ಇಪ್ಪತ್ತು ನಿಮಿಷ ಆಗಿತ್ತು. ಚೀಲ ಹೊತ್ತು ಹಳೇ ದಾರಿಯಲ್ಲೇ ನಡೆದೆ, ಒಂದು ಗಂಟೆ. ಮಧ್ಯೆ ಒಂದು ಹೊಲದ ಪಕ್ಕ ಮರದ ಕಪಾಟು, ಅದರಲ್ಲಿ ಮೂಲಂಗಿ, ಚೀಲದಲ್ಲಿ ಕಟ್ಟಿಟ್ಟ ಸಿಹಿ ಜಾತಿಯ ಕಾಕಿ, ಪಕ್ಕದಲ್ಲಿ ತಗಡಿನ ಡಬ್ಬಿ. 100 ಯೆನ್ ಅಂತ ಬರೆದಿತ್ತು. ಸುತ್ತ ಯಾರೂ ಇಲ್ಲ. ನಾಣ್ಯ ಹಾಕಿದಾಗ ಟಣ್ ಅಂದ ಸದ್ದಿಗೆ ನಾನೇ ಬೆಚ್ಚಿದೆ.

ನಿಲ್ದಾಣಕ್ಕೆ ಬರುವಷ್ಟರಲ್ಲಿ ರೈಲೂ ಹೋಗಿತ್ತು. ಮುಂದಿನದಕ್ಕೆ ಇನ್ನೂ ಒಂದು ಗಂಟೆ ಮೇಲಿತ್ತು. ಬೆಂಚಿನ ಮೇಲೆ ಕೂತು ಮೂರು ಕಾಕಿ ತಿಂದೆ. ನಾಲ್ಕನೆಯದನ್ನು ಚಿಕ್ಕಮ್ಮನಿಗೆ ಅಂತ ಇಟ್ಟಿದ್ದೆ. ರೈಲು ಬರುವುದರೊಳಗೆ ಅದೂ ಮುಗಿಯಿತು.