ರೇಷ್ಮೆಯನ್ನು ಯಾರೂ ತಿನ್ನುವುದಿಲ್ಲ, ಆದರೆ ಸೊಪ್ಪನ್ನು ಹುಳು ತಿನ್ನುತ್ತದೆ

ಸೀಸ, ಕ್ಯಾಡ್ಮಿಯಂನಂತಹ ಭಾರಲೋಹ ಸೇರಿ ಕೆಟ್ಟ ಜಮೀನಿನಲ್ಲಿ ಭತ್ತ, ತರಕಾರಿ ಬೆಳೆಯುವ ಬದಲು ಹಿಪ್ಪುನೇರಳೆ ಹಾಕಿದರೆ ತೊಂದರೆಯಿಲ್ಲ, ರೇಷ್ಮೆಯನ್ನು ಯಾರೂ ತಿನ್ನುವುದಿಲ್ಲವಲ್ಲ ಎಂಬ ವಾದವನ್ನು ಆಗಾಗ ಕೇಳುತ್ತೇನೆ. ಮನುಷ್ಯನ ಹೊಟ್ಟೆಯ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಹಿಪ್ಪುನೇರಳೆ ಸೊಪ್ಪನ್ನೇ ತಿಂದು ಬದುಕುವ ರೇಷ್ಮೆಹುಳುವಿನ ಹೊಟ್ಟೆಯನ್ನು ಈ ವಾದ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವನ್ನೂ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ಕೆಂಗೇರಿ ದಾಟಿ ಬರುವ ವೃಷಭಾವತಿಯು ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಆ ನೀರು ಹಾಯುವ ಸೀಮೆಯಲ್ಲಿ ಹಿಪ್ಪುನೇರಳೆ ತೋಟಗಳೂ ಇವೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ನೀರಿನಲ್ಲಿ ಕ್ರೋಮಿಯಂ, ನಿಕ್ಕಲ್, ಸತು, ಕ್ಯಾಡ್ಮಿಯಂ ಇರಬಹುದು. ಕೊಳಚೆ ನೀರು ಕಾಣದ ತೋಟಕ್ಕೂ ರಂಜಕದ ಗೊಬ್ಬರದ ಜೊತೆ ಸ್ವಲ್ಪ ಕ್ಯಾಡ್ಮಿಯಂ ಬಂದು ಬೀಳುತ್ತದೆ. ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ನಮ್ಮ ದೇಶದಲ್ಲಿ 2000ದಲ್ಲಿಯೇ ನಿಂತಿತಾದರೂ ಅದಕ್ಕೆ ಮೊದಲು ಹೆದ್ದಾರಿಯ ಪಕ್ಕದ ಮಣ್ಣಿಗೆ ಇಳಿದ ಸೀಸ ಎಲ್ಲಿಗೂ ಹೋಗಿಲ್ಲ. ಕೀಟನಾಶಕ ಕಾಲಕ್ರಮೇಣ ಒಡೆದುಹೋಗಬಹುದು, ಲೋಹಕ್ಕೆ ಆ ಗುಣವಿಲ್ಲ. ಹಿಪ್ಪುನೇರಳೆ ಗಿಡವು ಕ್ಯಾಡ್ಮಿಯಂನ ಹೆಚ್ಚಿನ ಪಾಲನ್ನು ಬೇರಿನಲ್ಲಿಯೇ ತಡೆದುಕೊಳ್ಳುತ್ತದೆ ಎಂಬುದು ಸಮಾಧಾನದ ಸಂಗತಿಯೇ ಹೌದು. ಆದರೂ ಸ್ವಲ್ಪ ಭಾಗ ಎಲೆಗೆ ಏರುತ್ತದೆ.

ಆ ಸ್ವಲ್ಪವೂ ಏಕೆ ಮುಖ್ಯವೆಂದರೆ, ಹುಳು ತನ್ನ ಜೀವಿತದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ಹಂತ, ಕಳೆದ ಮೇಲಿನ ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತದೆ. ರೇಷ್ಮೆ ಗ್ರಂಥಿ ಬಲಿಯುವುದೂ ಆಗಲೇ. ಕ್ಯಾಡ್ಮಿಯಂ ಅಯಾನು ಕ್ಯಾಲ್ಸಿಯಂ, ಸತುಗಳ ಅಯಾನುಗಳನ್ನು ಹೋಲುವುದರಿಂದ ಅವುಗಳಿಗೆಂದೇ ಇರುವ ದಾರಿಯಲ್ಲಿ ಕರುಳಿನ ಕೋಶವನ್ನು ಹೊಕ್ಕು, ಪ್ರೋಟೀನುಗಳ ಗಂಧಕಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕಿಣ್ವಗಳ ಕೆಲಸವನ್ನು ಕೆಡಿಸುತ್ತದೆ. ಹುಳು ಇದಕ್ಕೆ ಸುಮ್ಮನೆ ಬಲಿಯಾಗುವುದಿಲ್ಲ. ಅನೇಕ ಕೀಟಗಳಂತೆ ಅದೂ ಮೆಟಲೋಥಯೋನಿನ್ ಬಗೆಯ ಗಂಧಕಭರಿತ ಸಣ್ಣ ಪ್ರೋಟೀನನ್ನು ತಯಾರಿಸಿ ಲೋಹವನ್ನು ಕಟ್ಟಿಹಾಕುತ್ತದೆ, ಉತ್ಕರ್ಷಣದ ಹಾನಿಯನ್ನು ತಡೆಯುವ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಈ ರಕ್ಷಣೆಗೆ ಬೇಕಾದ ಶಕ್ತಿಯಾದರೂ ಅದೇ ಸೊಪ್ಪಿನಿಂದಲೇ ಬರಬೇಕು. ಪ್ರಯೋಗಾಲಯಗಳಲ್ಲಿ ಕ್ಯಾಡ್ಮಿಯಂ ಸೇರಿಸಿದ ಸೊಪ್ಪು ತಿಂದ ಹುಳುಗಳ ಬೆಳವಣಿಗೆ ಕುಂಠಿತವಾಗಿ ಗೂಡಿನ ತೂಕ ಇಳಿಯುವುದು ಆಶ್ಚರ್ಯವೇನಲ್ಲ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಇಲ್ಲಿದೆ. ಹಾಲುತೊಂಡೆಯೋ ಸುಣ್ಣಕಟ್ಟೋ, ಇಂತಹ ರೋಗ ಹುಳುವಿಗೆ ಬಂದರೆ ತಟ್ಟೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಲೋಹದ ಬಾಧೆಗೆ ಅಂತಹ ಗುರುತಿಲ್ಲ. ಹುಳು ಸಾಯುವುದಿಲ್ಲ, ಹಣ್ಣಾಗುವುದು, ಅಂದರೆ ಗೂಡು ಕಟ್ಟಲು ಸಿದ್ಧವಾಗುವುದು, ಒಂದು ದಿನ ತಡವಾಗುತ್ತದೆ, ಗೂಡು ಕೊಂಚ ಹಗುರವಾಗುತ್ತದೆ. ಇಂತಹ ಬೆಳೆ ಬಂದಾಗ ಸಾಕಾಣಿಕೆದಾರರು ಮೊಟ್ಟೆ ಸರಿಯಿರಲಿಲ್ಲ ಎನ್ನುತ್ತಾರೆ, ಇಲ್ಲವೇ ಹವೆಯನ್ನು ದೂರುತ್ತಾರೆ. ಅನೇಕ ಸಲ ಅದು ನಿಜವೂ ಆಗಿರುತ್ತದೆ. ಹಾಗಾಗಿಯೇ ಮೂರನೆಯದೊಂದು ಕಾರಣವಿರಬಹುದೆಂಬ ಅನುಮಾನ ಸುಲಭಕ್ಕೆ ಹುಟ್ಟುವುದಿಲ್ಲ.

ತಿಂದ ಲೋಹದ ಬಹುಪಾಲನ್ನು ಹುಳು ಹಿಕ್ಕೆಯಲ್ಲಿ ಹೊರಹಾಕುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟಾಗ ಅದು ನೂಲು ತೆಗೆಯುವ ಮೊದಲು ಮೆತ್ತನೆಯ ಕೊನೆಯ ಹಿಕ್ಕೆಯನ್ನೂ ಒಂದಿಷ್ಟು ದ್ರವವನ್ನೂ ವಿಸರ್ಜಿಸಿ ಕರುಳನ್ನು ಪೂರ್ತಿ ಖಾಲಿ ಮಾಡುವುದನ್ನು ಸಾಕಿದವರೆಲ್ಲ ಕಂಡಿದ್ದಾರೆ. ಹುಳುವಿನ ಪಾಲಿಗೆ ಇದು ಬಿಡುಗಡೆ. ತೋಟಕ್ಕೆ ಹಾಗಲ್ಲ, ಏಕೆಂದರೆ ಹಿಕ್ಕೆ ಮತ್ತು ಉಳಿಕೆ ಸೊಪ್ಪು ತಿಪ್ಪೆಗೆ ಹೋಗಿ ಗೊಬ್ಬರವಾಗಿ ಅದೇ ಗಿಡಗಳ ಬುಡಕ್ಕೆ ಮರಳುತ್ತವೆ. ಉಳಿದ ಕಡ್ಡಿ ಸೊಪ್ಪನ್ನು ದನಗಳಿಗೆ ಹಾಕುವ ಮನೆಗಳಲ್ಲಿ ಲೋಹಕ್ಕೆ ಇನ್ನೊಂದು ದಾರಿ ತೆರೆಯುತ್ತದೆ, ಮತ್ತು ಅಲ್ಲಿಗೆ ಯಾರೂ ತಿನ್ನುವುದಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಪರೀಕ್ಷೆ ಇದೆ. ಸತು ಮತ್ತು ತಾಮ್ರವನ್ನು ಅದರಲ್ಲಿ ನೋಡುವುದು ಪೋಷಕಾಂಶಗಳೆಂದು. ಕ್ಯಾಡ್ಮಿಯಂ, ಸೀಸಗಳಿಗೆ ಅಲ್ಲಿ ಸಾಲೇ ಇಲ್ಲ. ಕೊಳಚೆ ನೀರು ಹಾಯುವ ಹಿಪ್ಪುನೇರಳೆ ತೋಟಗಳ ಮಟ್ಟಿಗಾದರೂ ಮಣ್ಣು, ಸೊಪ್ಪು, ಹಿಕ್ಕೆ ಮೂರನ್ನೂ ಒಟ್ಟಿಗೆ ಪರೀಕ್ಷಿಸುವ ವ್ಯವಸ್ಥೆ ಬೇಕು. ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಹಿಕ್ಕೆಯನ್ನು ಆರಿಸುತ್ತೇನೆ: ಹುಳುವಿನ ಹೊಟ್ಟೆಗೆ ಎಷ್ಟು ಹೋಗಿತ್ತು, ತೋಟಕ್ಕೆ ಎಷ್ಟು ಮರಳಲಿದೆ ಎಂಬ ಎರಡರ ಅಂದಾಜೂ ಅದರಿಂದ ಸಿಗುತ್ತದೆ.