ಎಷ್ಟಡಿ ಐತೆ? ಮಾರಿಕಣಿವೇಲಿ ಒಂದು ಭಾನುವಾರ

ನಮ್ಮ ಮಾವ, ಅಂದ್ರೆ ಅವ್ವನ ತಮ್ಮ, ಫೋನ್ ಮಾಡಿದ್ರೆ ಮೊದ್ಲು ಕೇಳೋದು ಊಟ ಆಯ್ತಾ ಅಂತ ಅಲ್ಲ, "ಎಷ್ಟಡಿ ಐತಂತೆ?" ಅಂತ. ಹಿರಿಯೂರು ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ವಾಣಿ ವಿಲಾಸ ಸಾಗರ, ಅಂದ್ರೆ ಮಾರಿಕಣಿವೆ ಡ್ಯಾಮಿನ ನೀರು. ಪೂರ್ತಿ ತುಂಬಿದ್ರೆ 130 ಅಡಿ, ಈ ನಂಬರ್ ನಮ್ಮಲ್ಲಿ ಇಸ್ಕೂಲಿಗೆ ಹೋಗೋ ಹುಡುಗ್ರಿಗೂ ಗೊತ್ತು. ಮಾವನಿಗೆ ಮಂಡಿ ನೋವು ಜಾಸ್ತಿ ಆದ್ಮೇಲೆ ಡ್ಯಾಮ್ ಕಡೆ ಹೋಗೋಕೆ ಆಗ್ತಿಲ್ಲ, ಅದಕ್ಕೆ ಚಿತ್ರದುರ್ಗದಲ್ಲಿರೋ ನನ್ನ ಹತ್ರ ಮೊಬೈಲಲ್ಲಿ ನೋಡಿ ಹೇಳಪ್ಪ ಅಂತಾರೆ. ನಾನು ಅಡಿ ಹೇಳ್ತೀನಿ, ಅವ್ರು ಹ್ಞೂಂ ಅಂತಾರೆ, ಅಲ್ಲಿಗೆ ಮುಗೀತು.

ಹೋದ ಭಾನುವಾರ ಅವ್ವನೇ ಎತ್ತಿದ್ಲು ಮಾತು. "ಬರೀ ನಂಬರ್ ಹೇಳ್ತೀಯಲ್ಲ, ಕಣಿವೆ ಕಣ್ಣಲ್ಲಿ ನೋಡಿ ಎಷ್ಟು ದಿನ ಆತು?" ಲೆಕ್ಕ ಹಾಕಿದ್ರೆ 2022ರಲ್ಲಿ ಕೋಡಿ ಬಿದ್ದಾಗ ಹೋಗಿದ್ದೇ ಕೊನೆ. ಆವತ್ತು ಏನು ನೋಡಿದ್ವಿ ಅಂದ್ರೆ ಜನ. 1933ರಲ್ಲಿ ಬಿದ್ದ ಕೋಡಿ 89 ವರ್ಷ ಆದ್ಮೇಲೆ ಮತ್ತೆ ಬಿದ್ದಿತ್ತು, ಅದನ್ನ ನೋಡದೆ ಇರೋಕಾಗುತ್ತಾ, ಟ್ರ್ಯಾಕ್ಟರ್ ಮಾಡ್ಕೊಂಡು ಊರಿಗೆ ಊರೇ ಬಂದಿತ್ತು, ಅಜ್ಜಂದಿರು ನೀರಿಗೆ ಕೈ ಮುಗೀತಾ ನಿಂತಿದ್ರು. ಸಂತೋಷ ಸಿಕ್ಕಾಪಟ್ಟೆ ಆಗಿತ್ತು, ಆದ್ರೆ ಕಣಿವೆ ಕಾಣ್ಲಿಲ್ಲ. ಆ ಸಲ ಹಿನ್ನೀರಿನ ಕಡೆ ಹೊಸದುರ್ಗ ತಾಲ್ಲೂಕಲ್ಲಿ ಹೊಲ ತೋಟ ಮುಳುಗಿದ್ವು, ಆ ಸಂಕಟಾನೂ ಮರೆಯಂಗಿಲ್ಲ.

ಹಂಗಾಗಿ ಈ ಸಲ ಬೆಳಿಗ್ಗೆ ಆರಕ್ಕೆ ಹೊರಟ್ವಿ. ನಾನು, ನನ್ನ ಹೆಂಡ್ತಿ, ಅವ್ವ, ನಾಲ್ಕನೇ ಕ್ಲಾಸಿನ ಮಗ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ದುರ್ಗದಿಂದ ಹಿರಿಯೂರಿಗೆ ಹೈವೇ, ನಲವತ್ತು ಕಿಲೋಮೀಟ್ರು, ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ತಿರುಗ್ತಾ ಇರ್ತವೆ, ಬೇರೆ ಹೇಳೋವಂಥದ್ದೇನಿಲ್ಲ. ಹಿರಿಯೂರಲ್ಲಿ ಹೊಸದುರ್ಗದ ರೋಡಿಗೆ ತಿರುಗಿದ ಮೇಲೆ ಬಣ್ಣಾನೇ ಬದಲಾಗುತ್ತೆ. ಅಲ್ಲಿವರೆಗೂ ಕೆಂಪು ಮಣ್ಣು ಜಾಲಿ, ಇಲ್ಲಿಂದ ತೆಂಗು, ಅಡಿಕೆ, ಬಾಳೆ, ರಸ್ತೆ ಪಕ್ಕದಲ್ಲೇ ನಾಲೆ. ಈ ತೋಟಗಳು ಬರಗಾಲದಲ್ಲಿ ಸುಳಿ ಒಣಗಿ ಬರೀ ಕಂಬ ಆಗಿ ನಿಂತಿದ್ದನ್ನೂ ನಾನು ನೋಡಿದ್ದೀನಿ, ಮಾವನ ತೋಟದಲ್ಲೇ ಎಷ್ಟೋ ಮರ ಕಡಿಸಿದ್ರು, ಆವಾಗ ಡ್ಯಾಮು ತಳ ಹಿಡಿದಿತ್ತು. ಅವ್ವ ಆ ತೋಟಗಳ ಹತ್ರ ಬಂದಾಗ ಕಿಟಕಿ ಗ್ಲಾಸ್ ಇಳಿಸಿ ಕೂತ್ಲು, ಮಾತಾಡ್ಲಿಲ್ಲ.

ಮಾರಿಕಣಿವೆ ಅಂದ್ರೆ ಡ್ಯಾಮು ಅಂತಾನೇ ಎಲ್ಲ ಅಂದ್ಕೊತಾರೆ. ನನಗೆ ಮಾತ್ರ ಮೊದ್ಲು ಕಣಿವೆ, ಆಮೇಲೆ ಡ್ಯಾಮು. ವೇದಾವತಿ ಬಾಬಾ ಬುಡನ್‌ಗಿರಿ ಕಡೆಯಿಂದ ಕಡೂರು, ಹೊಸದುರ್ಗ ಸೀಮೆ ದಾಟಿ ಬಯಲಲ್ಲಿ ಆರಾಮಾಗಿ ಬರ್ತಾಳೆ, ಇಲ್ಲಿಗೆ ಬಂದಾಗ ಅಡ್ಡ ಗುಡ್ಡದ ಸಾಲು. ಆ ಸಾಲನ್ನ ಸೀಳ್ಕೊಂಡು ಹೋಗೋಕೆ ಅವಳಿಗೆ ಸಿಕ್ಕಿದ್ದು ಒಂದು ಸಣ್ಣ ಸಂದು. ಎರಡು ಗುಡ್ಡ ಎದುರು ಬದುರು ಇಷ್ಟು ಹತ್ರ ನಿಂತಿದ್ದಕ್ಕೇ ಇಲ್ಲಿ ಕಟ್ಟೆ ಕಟ್ಟೋ ಯೋಚನೆ ಬಂದಿದ್ದು. ಮೈಸೂರಿನ ಮಹಾರಾಣಿ ವಾಣಿ ವಿಲಾಸ ಸನ್ನಿಧಾನ ಅವರು ಮಗನ ಪರವಾಗಿ ರಾಜ್ಯ ನೋಡ್ಕೊಳ್ತಿದ್ದ ಕಾಲದಲ್ಲಿ, 1898ರಲ್ಲಿ ಕೆಲಸ ಶುರು, 1907ಕ್ಕೆ ಮುಗೀತು. ಕಲ್ಲು, ಸುಣ್ಣದ ಗಾರೆ, ಅಷ್ಟೇ. ಕನ್ನಂಬಾಡಿಗಿಂತ ಮುಂಚಿನದು ಇದು. ದುರ್ಗದ ನಮ್ಮ ಮನೆ ನಲ್ಲೀಲಿ ಬರೋದ್ರಲ್ಲಿ ಇಲ್ಲಿನ ನೀರೂ ಇದೆ ಅಂತ ಮಗನಿಗೆ ಹೇಳಿದೆ, ಅವನು ನಂಬಲಿಲ್ಲ, ಇಷ್ಟು ದೂರ ಹೆಂಗ್ ಬರುತ್ತೆ ಅಂದ.

ಕಣಿವೆ ಮಾರಮ್ಮನ ಗುಡಿಗೆ ಹೋಗಿ ಅವ್ವ ಕಾಯಿ ಒಡೆಸಿದ್ಲು. ಆಮೇಲೆ ಡ್ಯಾಮ್ ಹತ್ರ ಹೋದ್ವಿ. ಎಂಟು ಗಂಟೆ ಆಗಿತ್ತು, ಜನ ಇನ್ನೂ ಬಂದಿರ್ಲಿಲ್ಲ. ಕಟ್ಟೆ ಮೇಲಿನ ಹಳೇ ಕಾಲದ ಮಂಟಪಗಳನ್ನ ನೋಡಿದ್ರೆ, ನೀರು ತಡೆಯೋ ಗೋಡೆಗೆ ಇಷ್ಟು ಚಂದ ಮಾಡ್ಬೇಕು ಅಂತ ಅನ್ಸಿತ್ತಲ್ಲ ಅವರಿಗೆ ಅಂತ ಪ್ರತಿ ಸಲ ಖುಷಿ ಆಗುತ್ತೆ. ಒಂದು ಕಡೆ ಗುಡ್ಡಗಳ ಮಧ್ಯೆ ಕಣ್ಣು ಹೋದಷ್ಟು ನೀರು, ಇನ್ನೊಂದು ಕಡೆ ಕೆಳಗೆ ಕಣಿವೆ, ಆಮೇಲೆ ತೆಂಗಿನ ತಲೆಗಳು ಸಾಲಾಗಿ ಹಿರಿಯೂರಿನ ಕಡೆಗೆ. ಗಾಳಿ ಎಷ್ಟು ಜೋರು ಅಂದ್ರೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ನಿಂತ್ಲು.

ನನಗೆ ತುಂಬಾ ಇಷ್ಟ ಆಗೋದು ಗುಡ್ಡದ ಅಂಚಲ್ಲಿ ನಡೆಯೋದು. ಮಲೆನಾಡಿನ ಥರ ದಟ್ಟ ಕಾಡಲ್ಲ ಇದು, ಯಾರೂ ಆ ಆಸೆ ಇಟ್ಕೊಂಡು ಬರಬೇಡಿ. ಇಲ್ಲಿರೋದು 'ಬಂದ್ರೆ' ಅನ್ನೋ ಗಿಡ, ಕಾರೆ, ಬಾರೆ, ಸೀತಾಫಲ, ಮಧ್ಯ ಮಧ್ಯ ದೊಡ್ಡ ದೊಡ್ಡ ಬಂಡೆ. ಮುಳ್ಳು ಜಾಸ್ತಿ, ನೆರಳು ಕಮ್ಮಿ. ಆದ್ರೆ ಮಳೆ ಮುಗಿದ ಮೇಲೆ ಈ ಕುರುಚಲು ಗುಡ್ಡಕ್ಕೆ ಒಂದು ಹಸಿರು ಬರುತ್ತೆ ನೋಡಿ, ಎಳೇ ಹಸಿರು, ಸ್ವಲ್ಪ ದಿನ ಮಾತ್ರ ಇರುತ್ತೆ, ಬಯಲುಸೀಮೇಲಿ ಹುಟ್ಟಿದವರಿಗೆ ಅದರ ಬೆಲೆ ಗೊತ್ತು. ಬಿಸಿಲು ಏರ್ತಿದ್ದಂಗೆ ಬಂದ್ರೆ ಗಿಡದ ಎಲೆ ವಾಸನೆ ಗಾಳೀಲಿ ಬರುತ್ತೆ. ಮಗ ಸೀತಾಫಲ ಕಣ್ಣು ಬಿಟ್ಟಿದೆಯಾ ಅಂತ ಒಂದೊಂದೇ ಕಾಯಿ ನೋಡ್ಕೊಂಡು ಬಂದ, ಅಜ್ಜಿ ಹೇಳಿಕೊಟ್ಟಿದ್ದು ಅದು, ಗೆರೆ ಅಗಲ ಆಗಿ ಬೆಳ್ಳಗಾದ್ರೆ ಕೀಳಬಹುದು ಅಂತ. ಎರಡು ಸಿಕ್ವು. ಮನೇಲಿ ರಾಗಿ ಡಬ್ಬೀಲಿ ಇಟ್ಟಿದ್ದೀವಿ.

ನೀರಿನ ಅಂಚಲ್ಲಿ ಒಂದು ಬಂಡೆ, ಎಮ್ಮೆ ಬೆನ್ನಿನ ಥರ. ಅದರ ಮೇಲೆ ಐದಾರು ನೀರುಕಾಗೆ ರೆಕ್ಕೆ ಅಗಲಿಸ್ಕೊಂಡು ಬಿಸಿಲು ಕಾಯಿಸ್ತಿದ್ವು. ಒಂದು ಮುಳುಗಿತು, ಮಗ ಎಣಿಸೋಕೆ ಶುರು ಮಾಡಿದ, ಇಪ್ಪತ್ತೆರಡಕ್ಕೆ ಎಲ್ಲೋ ದೂರದಲ್ಲಿ ಎದ್ದಿತು. ಆಮೇಲೆ ಒಂದು ಗಂಟೆ ಇದೇ ಆಟ. ಫೋನ್ ಕೇಳಲಿಲ್ಲ ಅವನು, ಹಸಿವು ಅಂತಾನೂ ಅನ್ನಲಿಲ್ಲ. ನಾವು ಅಲ್ಲೇ ಬಂಡೆ ನೆರಳಲ್ಲಿ ಬುತ್ತಿ ಬಿಚ್ಚಿದ್ವಿ. ಅವ್ವ ಸಣ್ಣೋಳಿದ್ದಾಗ ಇಲ್ಲಿಗೆ ಗಾಡಿ ಕಟ್ಕೊಂಡು ಬರ್ತಿದ್ದಿದ್ದು, ಅವಳ ಅಪ್ಪ ನೀರಿನ ಹತ್ರ ಹೋಗೋಕೆ ಬಿಡದೆ ಇದ್ದಿದ್ದು, ಮಾವ ಮಾತ್ರ ಕದ್ದು ಹೋಗಿ ಈಜ್ತಿದ್ದಿದ್ದು, ಎಲ್ಲಾ ಹೇಳಿದ್ಲು.

ನೀವೂ ಹೋಗೋದಾದ್ರೆ ಬೆಳಿಗ್ಗೆನೇ ಹೋಗಿ, ಹತ್ತರ ಮೇಲೆ ಕಟ್ಟೆ ಮೇಲೆ ನಿಲ್ಲೋಕಾಗಲ್ಲ. ಮಳೆಗಾಲ ಮುಗಿದು ಸಂಕ್ರಾಂತಿವರೆಗೂ ಒಳ್ಳೇ ಟೈಮು. ಕುಡಿಯೋ ನೀರು ತಗೊಂಡ್ ಹೋಗಿ. ಈಜೋಕೆ ದಯವಿಟ್ಟು ಇಳೀಬೇಡಿ, ಅಂಚಲ್ಲೇ ಆಳ ಇದೆ, ಕೋಡಿ ಹರಿಯುವಾಗ ಅದರ ಹತ್ರ ನಿಂತು ಸೆಲ್ಫಿ ಬೇಡವೇ ಬೇಡ. ಮತ್ತೆ ಪ್ಲಾಸ್ಟಿಕ್. ನಾವು ಕೂತಿದ್ದ ಬಂಡೆ ಸುತ್ತ ಕುರುಕಲು ಪ್ಯಾಕೆಟ್, ಒಡೆದ ಬಾಟಲಿ ಎಷ್ಟಿದ್ವು ಅಂದ್ರೆ ನನ್ನ ಹೆಂಡ್ತಿ ಒಂದು ಚೀಲ ತುಂಬಿಸಿದ್ಲು, ಇನ್ನೂ ಉಳಿದಿತ್ತು. ನಾವೇ ಕುಡಿಯೋ ನೀರು ಕಣ್ರೀ ಅದು, ಬೇಜಾರಾಗುತ್ತೆ.

ವಾಪಸ್ ಬರ್ತಾ ಮಾವನ ಮನೆಗೆ ಹೋದ್ವಿ. ಜಗಲಿ ಮೇಲೆ ಕಾಲು ಚಾಚಿ ಕೂತಿದ್ರು. ನಾವು ಚಪ್ಪಲಿ ಬಿಡೋಕೆ ಮುಂಚೆನೇ, "ಎಷ್ಟಡಿ ಐತೆ?"

ನಾನು ನೋಡೇ ಇರ್ಲಿಲ್ಲ. ಅಷ್ಟು ಹೊತ್ತು ಅಲ್ಲಿದ್ದು ಮಟ್ಟ ನೋಡೋದೇ ಮರೆತಿದ್ದೆ. ಮೊಬೈಲ್ ತೆಗೀತಿದ್ದೆ, ಅಷ್ಟರಲ್ಲಿ ಮಗ, "ತಾತ, ಎಮ್ಮೆ ಬೆನ್ನಿನ ಥರ ಬಂಡೆ ಐತಲ್ಲ, ಅದು ಅರ್ಧ ಮುಳುಗೈತೆ, ಮೇಲೆ ನೀರುಕಾಗೆ ಕೂತಿದ್ವು" ಅಂದ.

ಮಾವ ಕಾಲು ಮಡಚಿ ನೆಟ್ಟಗೆ ಕೂತ್ರು. "ಅರ್ಧಾನಾ? ಪಕ್ಕದಾಗೆ ಇನ್ನೊಂದು ಚಿಕ್ಕದು ಇತ್ತಲ್ಲ ಮರಿ, ಅದು ಕಾಣಿಸ್ತಾ?"

"ಇಲ್ಲ ತಾತ."

ಕಣ್ಣು ಮುಚ್ಚಿ ಬೆರಳು ಮಡಚಿ ಏನೋ ಲೆಕ್ಕ ಹಾಕಿ ಒಂದು ನಂಬರ್ ಹೇಳಿದ್ರು. ಮಾರನೇ ದಿನ ಪೇಪರಲ್ಲಿ ನೋಡಿದೆ, ಒಂದಡಿ ಹೆಚ್ಚುಕಮ್ಮಿ ಅಷ್ಟೇ.