ಬೇಡ ಅಂತ ಬರೆಯೋಕೆ ಜಾಗ

ಬುಧವಾರದಿಂದ ಆ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. ರಾತ್ರಿ ಎದ್ದು ನೀರು ಕುಡಿಯುವಾಗಲೂ ಅದೇ.

"ಹೆಸರು ಬರೆಯೋದು ನೀವೇ ಕಲಿಸಿದ್ರಿ ಟೀಚರೇ. ಬೇಡ ಅಂತ ಬರೆಯೋಕೆ ಇದ್ರಲ್ಲಿ ಜಾಗ ಎಲ್ಲಿದೆ?"

ಕೊಡಗಿನ ಮಾದಾಪುರ ಕಡೆಯ ಒಂದು ತೋಟ. ಸಂಜೆ ಕಾಫಿ ತೂಕ ಮುಗಿಸಿ ಹೆಂಗಸರು ಲೈನ್‌ಮನೆ, ಅಂದರೆ ಕೂಲಿಯವರ ಸಾಲುಮನೆಗಳ ಅಂಗಳದಲ್ಲಿ ಕೂತಿದ್ದರು. ಶನಿವಾರ ಕ್ಯಾನ್ಸರ್ ತಪಾಸಣೆ ಕ್ಯಾಂಪ್. ಅದಕ್ಕೆ ಮೊದಲು ಒಪ್ಪಿಗೆ ಪತ್ರ ತುಂಬಿಸಬೇಕು. "ನೀವು ಬಂದ್ರೆ ಮಾತು ಕೇಳ್ತಾರೆ" ಎಂದು ನಮ್ಮ ಆಶಾ ಕಾರ್ಯಕರ್ತೆ ಕರೆದಳು, ಹೋದೆ. ಆ ಹುಡುಗಿ ಮಳೆಗಾಲದಲ್ಲೂ ಜಿಗಣೆ ಕಿತ್ತೆಸೆಯುತ್ತಾ ಲೈನಿಂದ ಲೈನಿಗೆ ನಡೆಯುವವಳು. ಅವಳ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಬೇಸರವೆಲ್ಲ ಕ್ಯಾಂಪಿನವರ ಕಡೆಯಿಂದ ಟ್ಯಾಬ್ ಹಿಡಿದು ಬಂದಿದ್ದ ಹುಡುಗನ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಗುರಿ ಅವನಿಗೆ ಬಾಯಿಪಾಠ: 2030ರ ಹೊತ್ತಿಗೆ ನೂರಕ್ಕೆ 70 ಹೆಂಗಸರಿಗೆ 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಗರ್ಭಕಂಠದ ಪರೀಕ್ಷೆ ಆಗಿರಬೇಕು. ಆದರೆ ಎದುರು ಕೂತವರಿಗೆ ಅದನ್ನು ವಿವರಿಸು ಅಂದರೆ, "ಹೇಳಿದ್ರೂ ಅವರಿಗೆ ಅರ್ಥ ಆಗಲ್ಲ ಮೇಡಂ, ಸಹಿ ಹಾಕಿಸಿಬಿಡಿ" ಅಂದ. ಅವರ ಮುಂದೆಯೇ ಅಂದ.

ಅವನನ್ನು ಬಯ್ಯುವ ಹಕ್ಕು ನನಗೂ ಪೂರ್ತಿ ಇಲ್ಲ. ಹೋದ ವರ್ಷ ಇದೇ ಅಂಗಳದಲ್ಲಿ ಇಂಥದೇ ಕ್ಯಾಂಪಿಗೆ ಅರ್ಧ ಗಂಟೆಗೆ 23 ಜನರ ಸಹಿ, ಹೆಬ್ಬೆಟ್ಟು ಹಾಕಿಸಿ ಹೆಮ್ಮೆಯಿಂದ ಮನೆಗೆ ಹೋದವಳು ನಾನು. ಆಮೇಲೆ ಅವರಲ್ಲಿ ಒಬ್ಬಳಿಗೆ "ಪಾಸಿಟಿವ್, ಮಡಿಕೇರಿಗೆ ಹೋಗಿ" ಎಂದಷ್ಟೇ ಹೇಳಿ ಕಳಿಸಿದರು. ಅದು ಕ್ಯಾನ್ಸರ್ ಅಂತಲ್ಲ, ಇನ್ನೊಮ್ಮೆ ಸರಿಯಾಗಿ ನೋಡಬೇಕು ಅಂತ ಎಂದು ಅವಳಿಗೆ ಬಿಡಿಸಿ ಹೇಳಿದವರಿಲ್ಲ. ಲೈನಿನಲ್ಲಿ ಅವಳ ಲೋಟ ಬೇರೆ ಇಟ್ಟರು. ಅವಳು ಮಡಿಕೇರಿಗೆ ಹೋಗಲಿಲ್ಲ, ಮಕ್ಕಳನ್ನು ಕಟ್ಟಿಕೊಂಡು ಬೇರೆ ತೋಟಕ್ಕೆ ಹೋದಳು. ಎಲ್ಲಿದ್ದಾಳೋ.

ಮೊನ್ನೆ ಆ ಮಾತಾಡಿದಾಕೆ ಅವಳ ಪಕ್ಕದ ಮನೆಯವಳು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನು ಬೆಳಕಲ್ಲಿ ನನ್ನ ಮುಂದೆ ಕೂತು ಹೆಸರು ತಿದ್ದಿದವಳು. ಆಗ ಇಪ್ಪತ್ತರ ಹುಡುಗಿ, ಈಗ ಮೊಮ್ಮಕ್ಕಳಿದ್ದಾರೆ. ಸಹಿ ಬರುತ್ತದೆ, ಓದಲು ಬರುವುದಿಲ್ಲ. ಕಾಗದ ತಿರುಗಿಸಿ ಮುರುಗಿಸಿ ನೋಡಿದಳು. ಕಾಫಿ ಕುಯ್ದ ಬೆರಳು, ಉಗುರ ಸಂದಿಯೆಲ್ಲ ಕಪ್ಪು ಕರೆ. ಆ ಬೆರಳನ್ನು ಸಹಿಯ ಗೆರೆ ಮೇಲಿಟ್ಟು ಕೇಳಿದಳು, ಬೇಡ ಅಂತ ಬರೆಯೋಕೆ ಜಾಗ ಎಲ್ಲಿದೆ?

ಜಾಗ ಇರಲಿಲ್ಲ. ಎರಡು ಸಲ ಓದಿದೆ, ಇರಲಿಲ್ಲ.

ಕಾಗದ ಮಡಚಿಟ್ಟು ಅಲ್ಲೇ ಕೂತೆ. ಮೊದಲಿಂದ ಹೇಳಿದೆ. ಸರ್ಕಾರದ ಲೆಕ್ಕದಲ್ಲಿ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ ಬಾಯಿ, ಎದೆ, ಗರ್ಭಕೋಶದ ಬಾಯಿ ನೋಡುತ್ತಾರೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಬಾಯಿಯದನ್ನು ತಪ್ಪಿಸಬಾರದು. ಗರ್ಭಕೋಶದ ಬಾಯಿಗೆ ತೆಳ್ಳಗಿನ ಹುಳಿ ನೀರು ಹಚ್ಚಿ ಒಂದು ನಿಮಿಷ ಕಾಯುತ್ತಾರೆ, ಸಂಶಯದ ಜಾಗ ಬೆಳ್ಳಗಾಗುತ್ತದೆ. "ಕಾಚಂಪುಳಿಯಾ?" ಎಂದು ಕೊಡಗಿನ ಅಡುಗೆಯ ಕಪ್ಪು ಹುಳಿ ನೆನೆದು ಒಬ್ಬಳು ಕೇಳಿದಳು. ಅಲ್ಲ, ಅಂಗಡಿ ವಿನೆಗರ್‌ನಲ್ಲಿ ಇರುವಂಥದ್ದು ಅಂದೆ. ಶುರುವಾದವು ಪ್ರಶ್ನೆಗಳು. ಗಂಡಸು ಡಾಕ್ಟರಾ? ಪರದೆ ಇರುತ್ತಾ? ಉರಿಯುತ್ತಾ? ಏನಾದ್ರೂ ಕಂಡ್ರೆ ಬಸ್ ಚಾರ್ಜು ಯಾರು ಕೊಡ್ತಾರೆ? ಕುಯ್ಲಿನ ದಿನ ಕಿಲೋ ಲೆಕ್ಕದ ಕೂಲಿ ಹೋದ್ರೆ? ಅರ್ಥವಾಗದವರು ಕೇಳುವ ಪ್ರಶ್ನೆಗಳಾ ಇವು? ಅರ್ಧಕ್ಕೆ ಆ ಹುಡುಗನ ಬಳಿ ಉತ್ತರವಿರಲಿಲ್ಲ.

ಬಿಳಿ ಮಚ್ಚೆ ಅಂದರೆ ಕ್ಯಾನ್ಸರ್ ಅಲ್ಲ ಎಂಬುದನ್ನು ಹೇಗೆ ಹೇಳಲಿ ಎಂದು ನಾನು ತಡವರಿಸುವಾಗ ಜಾಗ ಎಲ್ಲಿದೆ ಎಂದು ಕೇಳಿದವಳೇ ಬಾಯಿ ಹಾಕಿದಳು. "ಬೋರರ್ ನೋಡಿದ ಹಾಗೆ."

ಬೋರರ್ ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳ. ಅರೇಬಿಕಾ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ಮುಂಗಾರಿಗೆ ಮೊದಲೊಮ್ಮೆ, ಮಳೆ ಕಳೆಯುವ ಹೊತ್ತಿಗೊಮ್ಮೆ ಸಾಲು ಸಾಲಾಗಿ ಹೋಗಿ ಕಾಂಡ ಸವರಿ ನೋಡುತ್ತಾರೆ. ಗಿಡ ಮೇಲೆ ಹಸಿರಾಗಿಯೇ ಇರುತ್ತದೆ, ತೊಗಟೆಯಲ್ಲಿ ಗೆರೆ ಉಬ್ಬಿರುತ್ತದೆ. "ಗೆರೆ ಇದ್ದ ಗಿಡದಲ್ಲೆಲ್ಲಾ ಹುಳ ಇರಲ್ಲ. ಸೀಳಿ ನೋಡಿದ್ರೇ ಗೊತ್ತಾಗೋದು," ಅಂದಳು. ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಬಗ್ಗೆ ಇಷ್ಟು ಸಲೀಸಾಗಿ ಹೇಳಿದವರನ್ನು ನಾನು ಕಂಡಿಲ್ಲ. ಎಲ್ಲರೂ ತಲೆದೂಗಿದರು.

ಮರುಕ್ಷಣ ಇನ್ನೊಬ್ಬಳು, "ಹುಳ ಹಿಡಿದ ಗಿಡ ಕಿತ್ತು ಸುಡ್ತೀವಿ. ನಮ್ಮನ್ನು?" ಅಂದಳು.

ಅಂಗಳ ತಣ್ಣಗಾಯಿತು. ಇವರ ಭಯ ಪರೀಕ್ಷೆಯದ್ದಲ್ಲ, ಆಮೇಲಿನದ್ದು. ಕ್ಯಾನ್ಸರ್ ಆಗುವ ಮೊದಲೇ ಸಿಕ್ಕಿದರೆ ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಬಿಸಿ ಅಥವಾ ಶೀತ ತಾಗಿಸಿ ಸುಡುತ್ತಾರೆ, ಗರ್ಭಕೋಶ ತೆಗೆಯುವುದಿಲ್ಲ ಎಂದೆ. ಇದಕ್ಕೆ ಕಾರಣ ಒಂದು ವೈರಸ್, ಅದು ತುಂಬ ಜನಕ್ಕೆ ಬಂದು ತಾನಾಗಿಯೇ ಹೋಗುತ್ತದೆ, ಹೋಗದೆ ಉಳಿದರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಹಾಗಾಗಿ ಈ ಶನಿವಾರ ತಪ್ಪಿದರೆ ಮುಳುಗಿಹೋಗುವುದಿಲ್ಲ, ಯೋಚಿಸಲು ಸಮಯವಿದೆ. ಆದರೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕ್ಯಾಂಪಿಗೆ ಕಾಯಬೇಡಿ, ಮಾರನೇ ದಿನವೇ ಆಸ್ಪತ್ರೆಗೆ ನಡೆಯಿರಿ. ಇದನ್ನು ಮೂರು ಸಲ ಹೇಳಿದೆ.

"ಮಾಡಿಸಿಕೊಂಡ್ರೆ ಲಾಭ ಎಷ್ಟು?" ಅಂದಳು ನನ್ನ ಹಳೆಯ ಶಿಷ್ಯೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಇದೇ ಹುಳಿ ನೀರಿನ ಪರೀಕ್ಷೆಯ ಅಧ್ಯಯನ ನಡೆದಿತ್ತು. ಈ ಕ್ಯಾನ್ಸರಿನ ಸಾವು ನೂರಕ್ಕೆ 35ರಷ್ಟು ಕಡಿಮೆಯಾಯಿತೆಂದು 2007ರಲ್ಲಿ ಪ್ರಕಟವಾಗಿದೆ. "ನಮ್ಮತ್ತೆ ಊರ ಕಡೆ ಅದು!" ಎಂದು ಒಬ್ಬಳು ಎದ್ದು ಕೂತಳು. ನೂರಕ್ಕೆ 35 ಅಂದರೆ ಯಾರಿಗೆ ಕಾಣುತ್ತದೆ? ಶಿಷ್ಯೆಯ ಮಡಿಲಲ್ಲಿ ಉಳಿದಿದ್ದ ಮೂರು ಕಾಫಿ ಹಣ್ಣು ತೆಗೆದು ನನ್ನ ಅಂಗೈಯಲ್ಲಿಟ್ಟೆ. ಮೂರು ಜನ ಸಾಯುವ ಕಡೆ, ಎಂದು ಒಂದನ್ನು ವಾಪಸ್ ಅವಳ ಮಡಿಲಿಗೆ ಹಾಕಿದೆ. ಉಳಿದ ಎರಡನ್ನು ಅವಳು ತುಂಬ ಹೊತ್ತು ನೋಡಿದಳು. "ಈ ಎರಡು ಹೋಗ್ತಾವೆ." "ಹೌದು." ನಾನು ಮುಚ್ಚಿಡಲಿಲ್ಲ.

ಅವಳು ಮಾಡಿಸಿಕೊಳ್ಳಲಿ ಎಂಬುದು ನನ್ನ ಮನಸಾರೆ ಆಸೆ. ಆದರೆ ನನ್ನ ಆಸೆಗೆ ಇಂಥವರ ಸಹಿಯನ್ನು ಬಳಸಿಕೊಂಡಿದ್ದೆ, ಹೋದ ವರ್ಷ. ಅಕ್ಷರ ಕಲಿಸಿದೆವು ಎಂದು ಎಷ್ಟು ಸಂಭ್ರಮಪಟ್ಟಿದ್ದೆವು! ಬ್ಯಾಂಕಿನವರು, ಸೊಸೈಟಿಯವರು, ತೋಟದವರು ತೋರಿಸಿದಲ್ಲಿ ಹೆಸರು ಬರೆಯುವುದಕ್ಕೇ ಆ ಅಕ್ಷರ ಮೂವತ್ತು ವರ್ಷ ಸವೆಯಿತು. ಕಾಗದದಲ್ಲಿ ಏನಿದೆ ಎಂದು ಅವಳಿಗೆ ಯಾರೂ ಓದಿ ಹೇಳಿದ್ದೇ ಇಲ್ಲವಂತೆ.

ಕೊನೆಗೆ ಬಾಯಿ, ಎದೆಯದ್ದು ಶನಿವಾರವೇ ಆಗಲಿ, ಒಳಗಿನದು ಈಗಲೇ ಹೇಳಲ್ಲ ಅಂದಳು. ಟ್ಯಾಬಿನಲ್ಲಿ ಅದಕ್ಕೆ ಕಾಲಂ ಇಲ್ಲ ಅಂದ ಹುಡುಗ. ನನ್ನ ಚೀಲದಲ್ಲಿದ್ದ ನೋಟ್‌ಬುಕ್ ಹಾಳೆ ಹರಿದು ಕೊಟ್ಟೆ. "ಬೇಡ ಅಂತ ಬರೆದು ತೋರ್ಸಿ" ಅಂದಳು. ಬರೆದೆ. 'ಬೇ'ಯ ದೀರ್ಘ ಎಳೆಯುವಾಗ ಅವಳ ಕೈ ಹಳೆಯ ಹಾಗೆಯೇ ನಡುಗಿತು.

"ಬೇಕು ಅನ್ನೋದು?"

ಅದನ್ನೂ ಬರೆದೆ. ಎರಡನ್ನೂ ಒಂದರ ಕೆಳಗೊಂದು ತಿದ್ದಿದಳು. "ಮೊದಲಕ್ಷರ ಒಂದೇ ಅಲ್ವಾ ಟೀಚರೇ," ಎಂದು ಹಾಳೆ ಮಡಚಿ ಎಲೆ ಅಡಿಕೆ ಚೀಲದೊಳಗಿಟ್ಟಳು. "ಕುಯ್ಲು ಮುಗೀಲಿ. ಮಗಳು ಬರ್ತಾಳೆ. ಕೇಳಿ ಹೇಳ್ತೀನಿ."